ಅರ್ಜಿಯಲ್ಲಿ ನನ್ನದಾದ ಕೈ

ಕಾಪಿ ಹೊಡೆದ ಮಕ್ಕಳನ್ನು ನಾನು ಯಾವತ್ತೂ ಸುಮ್ಮನೆ ಬಿಟ್ಟವಳಲ್ಲ. ಕಿರುಪರೀಕ್ಷೆಯಲ್ಲಿ ಪಕ್ಕದವಳದ್ದು ನೋಡಿ ಬರೆದ ಹುಡುಗಿಯನ್ನು ಬೆಂಚಿನ ಮೇಲೆ ನಿಲ್ಲಿಸಿ, "ಸ್ವಂತ ಬುದ್ಧಿ ಅನ್ನೋದು ಇಲ್ವೇನೇ ನಿಂಗೆ?" ಎಂದು ಇಡೀ ಶಾಲೆಗೆ ಕೇಳುವ ಹಾಗೆ ಕೂಗಿದವಳು. ನನ್ನ ಗಂಟಲು ದೊಡ್ಡದು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮಕ್ಕಳು ನನಗಿಟ್ಟಿರುವ ಅಡ್ಡಹೆಸರೂ ಗೊತ್ತು, ಅದನ್ನಿಲ್ಲಿ ಬರೆಯುವುದಿಲ್ಲ. ಇದನ್ನೆಲ್ಲ ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಬರುವುದು ನಾನೇ ಹೊಡೆದ ಕಾಪಿಯ ವಿಷಯ.

ನನ್ನ ಮನೆ ನಂಜನಗೂಡಿನ ಬಜಾರಿನ ಹಿಂದಿನ ಬೀದಿಯಲ್ಲಿ. ಶಾಲೆ ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಸರ್ಕಾರಿ ಪ್ರೌಢಶಾಲೆ. ನಾನು ಹೇಳುವುದು ಸಮಾಜ ವಿಜ್ಞಾನ. ಕನ್ನಡ ಹೇಳುವ ಮೇಡಂ ಕಳಲೆಯವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಬೆಳಿಗ್ಗೆ ಕಳಲೆಯಿಂದ ಆಟೋದಲ್ಲಿ ಬಂದು ನಂಜನಗೂಡು ಬಸ್‌ಸ್ಟ್ಯಾಂಡಿನಲ್ಲಿ ನನಗಿಂತ ಮೊದಲೇ ನಿಂತಿರುತ್ತಿದ್ದರು. ನರಸೀಪುರದ ಬಸ್ಸು ಬಂದ ಕೂಡಲೇ ಹತ್ತಿ, ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ನನಗೆ ಜಾಗ ಹಿಡಿಯುತ್ತಿದ್ದರು. ಮೊದಲೆಲ್ಲ ದುಡ್ಡು ಕೊಟ್ಟು, ಈಚೆಗೆ ಕಂಡಕ್ಟರಿಗೆ ಆಧಾರ್ ಕಾರ್ಡ್ ತೋರಿಸಿ ಹೆಂಗಸರ ಸೊನ್ನೆ ಟಿಕೆಟ್ ಇಸಿದುಕೊಂಡರೆ ಆಮೇಲೆ ಇಳಿಯುವ ತನಕ ಬರೀ ಮಾತು. ಏಳು ವರ್ಷ ಹೀಗೇ ಹೋಗಿ ಬಂದೆವು.

ಪಾಠಯೋಜನೆ ಎಂಬುದೊಂದಿದೆ. ಯಾವ ಪಾಠವನ್ನು ಹೇಗೆ ಮಾಡುತ್ತೇವೆ, ಮಕ್ಕಳಿಂದ ಏನು ಮಾಡಿಸುತ್ತೇವೆ ಎಂದು ನಾವೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು, ಮೇಲಿನವರು ಬಂದಾಗ ತೋರಿಸಬೇಕು. ನಮ್ಮ ಕಡೆ ಇದನ್ನು ಕೂತು ಬರೆಯುವವರು ಒಬ್ಬರಾದರೆ ಇಳಿಸಿಕೊಳ್ಳುವವರು ಹತ್ತು ಜನ. ಹೆಸರು, ಶಾಲೆ, ತಾರೀಕು ಬದಲಾಯಿಸಿದರೆ ಮುಗಿಯಿತು. ಅದನ್ನು ಯಾರೂ ಕಳ್ಳತನ ಅನ್ನುವುದಿಲ್ಲ, ಹೊಂದಾಣಿಕೆ ಅನ್ನುತ್ತಾರೆ. ಅವರದು ಕನ್ನಡ, ನನ್ನದು ಸಮಾಜ. ಆದರೂ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಅನ್ನುವ ಭಾಗಗಳನ್ನು ನಾನು ಬಸ್ಸಿನಲ್ಲೇ ಅವರ ಪುಸ್ತಕದಿಂದ ಇಳಿಸಿಕೊಳ್ಳುತ್ತಿದ್ದೆ. "ಬರ್ಕೊಳ್ಳಿ ಮೇಡಂ, ಅಕ್ಷರಕ್ಕೇನು ಬಾಡಿಗೆನಾ?" ಎಂದು ಅವರೇ ಪುಸ್ತಕ ಬಿಡಿಸಿ ಹಿಡಿಯುತ್ತಿದ್ದರು.

ಆದರೆ ಅವರ ಹತ್ತಿರ ಇನ್ನೊಂದು ನೋಟ್‌ಬುಕ್ ಇತ್ತು, ಮೇಲಿನವರಿಗೆ ತೋರಿಸದ್ದು. ಅದರಲ್ಲಿ ಇದ್ದದ್ದು ಕೈ ಪಾಠ. ಎಂಟನೇ ತರಗತಿಯ ಮಕ್ಕಳು ಮನೆಯ ಹಿರಿಯರೊಬ್ಬರ ಕೈಯನ್ನು ಬಿಳಿ ಹಾಳೆಯ ಮೇಲೆ ಇರಿಸಿ, ಬೆರಳ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ತರಬೇಕು. ಆ ಕೈಗೆ ಏನೇನು ಕೆಲಸ ಗೊತ್ತು ಎಂದು ಅವರನ್ನೇ ಕೇಳಿ ಗೆರೆಯ ಒಳಗೆ ಬರೆಯಬೇಕು, ತರಗತಿಯಲ್ಲಿ ನಿಂತು ಓದಬೇಕು. ಗಾಣಕ್ಕೆ ಸಿಕ್ಕಿ ಎರಡು ಬೆರಳು ಹೋದ ತಾತನ ಕೈ ಬಂತು. ಒಬ್ಬ ಹುಡುಗಿಯ ಅಜ್ಜಿಯ ಕೈಯೊಳಗೆ, "ನಮ್ಮ ಬೀದಿಯ ಅರ್ಧ ಜನ ಈ ಕೈಗೇ ಹುಟ್ಟಿದ್ದು" ಎಂದು ಬರೆದಿತ್ತು. ಆ ದಿನಗಳಲ್ಲಿ ಪಕ್ಕದ ಕೋಣೆಯಲ್ಲಿ ನನ್ನ ಮಕ್ಕಳು ಮೈಸೂರು ಯುದ್ಧಗಳ ಇಸವಿ ಒಪ್ಪಿಸುತ್ತಾ ಆಕಳಿಸುತ್ತಿದ್ದರು. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಅವರ ತರಗತಿಯಲ್ಲಿ ಪಿಟ್ಟೆನ್ನುವವರಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿದ್ದುದು ಅವರವ್ವನ ಕೈ. ಮಕ್ಕಳಿಗೆ ಮೊದಲು ತೋರಿಸುತ್ತಿದ್ದುದೂ ಅದನ್ನೇ. ಬೇರೆಯವರ ಗದ್ದೆಗಳಲ್ಲಿ ನಲವತ್ತು ವರ್ಷ ನಾಟಿ ಹಾಕಿದ ಕೈ. ಕಿರುಬೆರಳು ಯಾವತ್ತೋ ಮುರಿದು ಒಳಕ್ಕೆ ಸೊಟ್ಟಗಾಗಿತ್ತು. ಹೆಬ್ಬೆರಳ ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಬಿಡಲಿಲ್ಲವೆಂದು ಪಕ್ಕದಲ್ಲಿ ಬರೆದಿದ್ದರು. ಈ ಕೈ ಮಣ್ಣಿನಲ್ಲಿ ಇದ್ದುದರಿಂದ ನನ್ನ ಕೈಗೆ ಸೀಮೆಸುಣ್ಣ ಬಂತು ಅನ್ನುವುದು ಅವರ ಕೊನೆಯ ಸಾಲು.

ಒಂದು ಮಾರ್ಚ್ ತಿಂಗಳಲ್ಲಿ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಒಂದು ಪ್ರಕಟಣೆ ಬಂತು. ಬೇಸಿಗೆ ರಜೆಯಲ್ಲಿ ಮೂರು ವಾರ, ಮೈಸೂರಿನಲ್ಲಿ, ಮಾನವಿಕ ವಿಷಯಗಳ ಶಿಕ್ಷಕರಿಗೆ ಶಿಬಿರ. ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ ಬಲ್ಲ ದೊಡ್ಡ ದೊಡ್ಡ ಪ್ರಾಧ್ಯಾಪಕರು ನಮ್ಮಂಥವರಿಗೆ ಪಾಠ ಹೇಳುವರಂತೆ. ಅರ್ಜಿಯ ಜೊತೆ ನೀವು ಮಾಡಿದ ಒಂದು ವಿಶೇಷ ಪಾಠದ ವಿವರ, ಮುಖ್ಯೋಪಾಧ್ಯಾಯರ ಶಿಫಾರಸು ಪತ್ರ ಬೇಕು. ಮಾರನೆಯ ದಿನ ಬಸ್ಸಿನಲ್ಲಿ ಅವರಿಗೆ ತೋರಿಸಿದೆ.

"ನಾವೆಲ್ಲಿ ಮೇಡಂ ಅಲ್ಲಿಗೆಲ್ಲ" ಅಂದರು. ಎರಡು ಸ್ಟಾಪ್ ಹೋಗಲಿಲ್ಲ, ಮತ್ತೆ ನನ್ನ ಕಡೆ ತಿರುಗಿದರು. "ನಂದೂ ಒಂದು ಹಾಕ್ಬಿಡ್ತೀರಾ ಮೇಡಂ? ನಂಗೆ ಆ ಆನ್‌ಲೈನು ಗೀನ್‌ಲೈನು ಬರಲ್ಲ. ಬಿ.ಎಡ್. ಆದ್ಮೇಲೆ ನಂಗೆ ಯಾರೂ ಪಾಠ ಹೇಳಿಲ್ಲ ನೋಡಿ, ಬರೀ ನಾನೇ ಹೇಳಿದ್ದಾಯ್ತು. ಮೂರು ವಾರ ಸುಮ್ನೆ ಕೂತು ಕೇಳ್ಬೇಕು ಅಂತ ಆಸೆ."

"ಅದಕ್ಕೇನಂತೆ, ಇಬ್ರೂ ಹೋಗೋಣ" ಅಂದೆ. ಆಗ ಮನಸ್ಸಿನಲ್ಲಿ ಏನೂ ಇರಲಿಲ್ಲ, ದೇವರಾಣೆ.

ಹೆಡ್‌ಮಾಸ್ಟರು ಶಿಫಾರಸು ಪತ್ರ ಬರೆದವರೇ ಅಲ್ಲ. "ನೀವೇ ಬರ್ಕೊಂಡ್ ಬನ್ನಿ ಮೇಡಂ, ಸೈನ್ ಹಾಕ್ತೀನಿ" ಅನ್ನುವುದು ಅವರ ಪದ್ಧತಿ. ಶುಕ್ರವಾರ ಎರಡು ಪತ್ರ ಬರೆದುಕೊಂಡು ಹೋದೆ. ಒಂದರಲ್ಲಿ ನನ್ನನ್ನು ನಾನೇ ಹೊಗಳಿಕೊಂಡಿದ್ದೆ, ಇನ್ನೊಂದರಲ್ಲಿ ಕನ್ನಡ ಮೇಡಂ ಅವರನ್ನು. ಅವರದನ್ನು ಬರೆಯುವುದು ಸುಲಭವಾಗಿತ್ತು. ಹೆಡ್‌ಮಾಸ್ಟರು ಮಕ್ಕಳ ಬಿಸಿಯೂಟದ ಅಕ್ಕಿಯ ವಿಷಯಕ್ಕೆ ಫೋನಿನಲ್ಲಿ ಕೂಗಾಡುತ್ತಲೇ ಎರಡಕ್ಕೂ ಓದದೆ ಸಹಿ ಹಾಕಿ ಸೀಲು ಒತ್ತಿದರು.

ಶನಿವಾರ ಮಧ್ಯಾಹ್ನ ಮೇಡಂ ಅವ್ವನನ್ನು ಕರೆದುಕೊಂಡು ಕನ್ನಡಕ ಮಾಡಿಸಲು ನಂಜನಗೂಡಿಗೆ ಬಂದವರು, ನೋಟ್‌ಬುಕ್ಕು, ಫೋಟೋ ಕೊಟ್ಟುಹೋಗಲು ನಮ್ಮ ಮನೆಯ ಹತ್ತಿರ ಬಂದರು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ, ಬಜಾರಿನಲ್ಲಿ ದಿನಸಿ ಅಂಗಡಿ. ಅವರು ಕಳಲೆಯಲ್ಲಿ ಯಾವ ಕೇರಿಯವರೆಂದು, ಅವರ ಮನೆಯ ಗೋಡೆಯಲ್ಲಿ ಬುದ್ಧನ ಪಟವಿದೆ ಎಂದು ನನಗೆ ಗೊತ್ತಿತ್ತು. ಏಳು ವರ್ಷ ಅವರ ಡಬ್ಬಿಯ ಉಪ್ಪಿನಕಾಯಿ ನೆಕ್ಕಿ ತಿಂದವಳು ನಾನು. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ ನನಗೆ ಯಾವ ಭೇದವೂ ಇಲ್ಲವೆಂದು ನನ್ನ ಬಗ್ಗೆ ನನಗೇ ಹೆಮ್ಮೆ ಇತ್ತು. ಅವರಿಬ್ಬರೂ ಗೇಟಿನಲ್ಲಿ ಚಪ್ಪಲಿ ಬಿಟ್ಟು ನಿಂತಾಗ, "ಬನ್ನಿ ಒಳಗೆ" ಅನ್ನುವ ಎರಡು ಮಾತು ನನ್ನ ಬಾಯಿಗೆ ಬರಲಿಲ್ಲ. "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಜಗಲಿಯ ಮೇಲಿನ ಪ್ಲಾಸ್ಟಿಕ್ ಕುರ್ಚಿ ತೋರಿಸಿದೆ. ಮೇಡಂ ಕೂತರು. ಅವರವ್ವ ಕುರ್ಚಿಗೆ ಹೋಗದೆ ಮೆಟ್ಟಿಲ ಮೇಲೆ ಕೂತರು.

ಒಳಗೆ ಟೀ ಕುದಿಯಿತು. ಎದುರಿಗೆ ಸ್ಟ್ಯಾಂಡಿನಲ್ಲಿ ಸ್ಟೀಲ್ ಲೋಟಗಳಿದ್ದವು. ಶಿವರಾತ್ರಿಯ ಭಜನೆಗೆ ತಂದು ಉಳಿದಿದ್ದ ಪೇಪರ್ ಲೋಟದ ಪೊಟ್ಟಣ ಬೀರುವಿನ ಮೇಲಿತ್ತು. ನಾನು ಸ್ಟೂಲು ಹಾಕಿಕೊಂಡು ಹತ್ತಿ ಅದನ್ನು ಇಳಿಸಿದೆ. ಯಾರೂ ನನಗೆ ಹೇಳಲಿಲ್ಲ, ಮನೆಯಲ್ಲಿ ಬೇರೆ ಯಾರೂ ಇರಲೂ ಇಲ್ಲ. ಮೂರು ಪೇಪರ್ ಲೋಟಕ್ಕೆ ಟೀ ಬಗ್ಗಿಸಿದೆ. ನಾನೂ ಅದರಲ್ಲೇ ಕುಡಿದರೆ ಏನೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಎಂಥ ಜಾಣೆ ನೋಡಿ!

"ಟೀ ಚೆಂದಾಗಿ ಅದೆ ಕಣವ್ವ" ಅಂದರು ಮುದುಕಿ. ಕುಡಿದಾದ ಮೇಲೆ ಎದ್ದು ಅಂಗಳದ ನಲ್ಲಿಯ ಹತ್ತಿರ ಹೋದರು. ಆ ಪೇಪರ್ ಲೋಟವನ್ನು ನೀರಿನಲ್ಲಿ ಗಲಬರಿಸಿ, ನೀರು ಝಾಡಿಸಿ, ಜಗಲಿಯ ಅಂಚಿನಲ್ಲಿ ಬೋರಲು ಹಾಕಿದರು. ಪೇಪರ್ ಲೋಟವನ್ನು ಯಾರಾದರೂ ತೊಳೆಯುತ್ತಾರೆಯೇ? ಊರಿನ ಮನೆಗಳಲ್ಲಿ ಜಗಲಿಯ ಮೇಲೆ ಏನು ಕುಡಿದರೂ ಲೋಟ ತಾವೇ ತೊಳೆದಿಡಬೇಕು ಎಂಬುದು ಆ ಕೈಗೆ ರೂಢಿಯಾಗಿತ್ತು. ಮೇಡಂ ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ. ಅವರು ಹೋದ ಮೇಲೆ ಮೂರೂ ಲೋಟವನ್ನು ಕಸದ ಬುಟ್ಟಿಗೆ ಹಾಕಿದೆ.

ಭಾನುವಾರ ಅರ್ಜಿಗೆ ಕೊನೆಯ ದಿನ. ಊಟ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತೆ. ನಿಯಮಗಳನ್ನು ಅವತ್ತೇ ಪೂರ್ತಿ ಓದಿದ್ದು. ಒಂದು ಶಾಲೆಯಿಂದ ಒಬ್ಬರು ಮಾತ್ರ. ಐವತ್ತು ವರ್ಷ ತುಂಬಿರಬಾರದು. ಅವರಿಗೆ ಆ ಆಗಸ್ಟಿಗೆ ಐವತ್ತು ತುಂಬುತ್ತಿತ್ತು. ಅಂದರೆ ಅವರಿಗೆ ಇದೇ ಕೊನೆಯ ಸಲ. ನನಗೆ ಮುಂದೆ ಏಳು ವರ್ಷ ಅವಕಾಶವಿತ್ತು. ಇದೆಲ್ಲ ಸ್ಪಷ್ಟವಾಗಿ, ಮಗ್ಗಿ ಗೊತ್ತಿರುವಷ್ಟು ಸ್ಪಷ್ಟವಾಗಿ ನನಗೆ ಗೊತ್ತಿತ್ತು. ಸಹಿಯಾದ ಎರಡು ಪತ್ರ ಮೇಜಿನ ಮೇಲಿದ್ದವು.

ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಮಾಡಿದರೆ ಅವರು, "ನೀವೇ ಹಾಕಿ ಮೇಡಂ" ಅನ್ನುತ್ತಿದ್ದರೇನೋ. ಅನ್ನದೆಯೂ ಇರಬಹುದಾಗಿತ್ತು. ಆ ಭಯಕ್ಕೇ ಮಾಡಲಿಲ್ಲ. ಅವರ ಪತ್ರವನ್ನು ಮಡಿಸಿ ನೋಟ್‌ಬುಕ್ಕಿನ ಕೊನೆಗೆ ಸಿಕ್ಕಿಸಿ, ಅರ್ಜಿಯಲ್ಲಿ ನನ್ನ ಹೆಸರು ತುಂಬಿದೆ.

ಆಮೇಲೆ ಪಾಠದ ವಿವರ ಬರೆಯಬೇಕಲ್ಲ. ಯುದ್ಧಗಳ ಬಗ್ಗೆ ನಾಲ್ಕು ಸಾಲು ಬರೆದೆ, ಸಪ್ಪೆ ಅನ್ನಿಸಿತು, ಅಳಿಸಿದೆ. ನೋಟ್‌ಬುಕ್ಕು ಬಿಡಿಸಿಯೇ ಇತ್ತು. ಪಾಠಯೋಜನೆ ಇಳಿಸಿಕೊಂಡು ಅಭ್ಯಾಸವಾಗಿದ್ದ ಬೆರಳುಗಳು ತಾವಾಗಿಯೇ ಇಳಿಸಿಕೊಂಡು ಹೋದವು. ಕನ್ನಡ ಇದ್ದ ಕಡೆ ಇತಿಹಾಸ ಎಂದು ಹಾಕಿದೆ. ಗಾಣದ ತಾತ, ಹೆರಿಗೆಯ ಅಜ್ಜಿ ಎಲ್ಲರೂ ನನ್ನ ತರಗತಿಗೆ ಬಂದರು. ಅವರವ್ವನ ಕೈ ಬಂದಾಗ ಒಂದು ಕ್ಷಣ ನಿಂತೆ. ನನ್ನ ಅಮ್ಮ ಅಂಗಡಿಯ ಗಲ್ಲಾದ ಹಿಂದೆ ಕೂತು ಅರಿಶಿನ ಕುಂಕುಮ ತೂಗಿದವಳು, ಗದ್ದೆಯ ಕೆಸರು ಮೆಟ್ಟಿದವಳಲ್ಲ. ಆದರೆ ಆ ಕೈ ಇಲ್ಲದೆ ಆ ಪಾಠಕ್ಕೆ ಜೀವವಿಲ್ಲ. "ನನ್ನ ತಾಯಿ ಬೇರೆಯವರ ಗದ್ದೆಗಳಲ್ಲಿ ನಲವತ್ತು ವರ್ಷ ನಾಟಿ ಹಾಕಿದವಳು" ಎಂದು ಬರೆದೆ. ಸೊಟ್ಟ ಕಿರುಬೆರಳನ್ನೂ ಬಿಡಲಿಲ್ಲ. ಹಿಂದಿನ ದಿನ ಆ ಬೆರಳು ನನ್ನ ನಲ್ಲಿಯಲ್ಲಿ ಪೇಪರ್ ಲೋಟ ತೊಳೆದಿತ್ತು. ಅದೊಂದನ್ನು ಬಿಟ್ಟೆ.

ಸೋಮವಾರ ಬಸ್ಸಿನಲ್ಲಿ ಕೂತ ಕೂಡಲೇ, "ಆಯ್ತಾ ಮೇಡಂ?" ಅಂದರು.

"ನಂದು ಹೋಯ್ತು. ನಿಮ್ದು ಹಾಕೋ ಹೊತ್ತಿಗೆ ಸರ್ವರ್ ಕೈಕೊಡ್ತು. ಎಷ್ಟು ಒದ್ದಾಡಿದೆ ಗೊತ್ತಾ? ಟೈಮ್ ಮುಗಿದೇ ಹೋಯ್ತು."

"ಅಯ್ಯೋ ಬಿಡಿ, ಒಬ್ರದ್ದಾದ್ರೂ ಹೋಯ್ತಲ್ಲ. ಭಾನುವಾರವೆಲ್ಲ ನಿಮ್ಗೆ ತೊಂದರೆ ಕೊಟ್ಟೆ. ಮುಂದಿನ ವರ್ಷ ನೋಡೋಣ."

"ನೋಡೋಣ" ಅಂದೆ. ನಿಮಗೆ ಮುಂದಿನ ವರ್ಷ ಇಲ್ಲ ಎಂದು ಹೇಳಲಿಲ್ಲ.

ನನಗೆ ಸೀಟು ಸಿಕ್ಕಿತು. ಸ್ಟಾಫ್ ರೂಮಿನಲ್ಲಿ ಮೈಸೂರುಪಾಕು ಹಂಚಿದೆ. ಅವರು ಅರ್ಧ ತಿಂದು ಅರ್ಧ ಅವ್ವನಿಗೆಂದು ಕಾಗದದಲ್ಲಿ ಕಟ್ಟಿಕೊಂಡರು. ಮೇ ತಿಂಗಳ ಆ ಮೂರು ವಾರ, ಫ್ಯಾನು ತಿರುಗುವ ದೊಡ್ಡ ಹಾಲಿನಲ್ಲಿ ಕೂತು, ಒಳ್ಳೊಳ್ಳೆಯ ಮಾತುಗಳನ್ನು ಕೇಳಿದೆ. ಚೆನ್ನಾಗಿತ್ತು, ಅದೇ ಕಷ್ಟ. ಯಾವ ಪಾಠ ಚೆನ್ನಾಗಿದ್ದರೂ, ಮೂರು ವಾರ ಸುಮ್ನೆ ಕೂತು ಕೇಳ್ಬೇಕು ಅಂದ ಮುಖ ಎದುರಿಗೆ ಬರುತ್ತಿತ್ತು. ಒಂದು ದಿನ ನಮ್ಮ ನಮ್ಮ ಪಾಠ ಓದಿಸಿದರು. ತಾಯಿಯ ಕೈ ಎಂದು ಓದುವಾಗ ನನಗೆ ಅಳು ಬಂತು. ಥೂ, ನಾಚಿಕೆಗೆಟ್ಟ ಅಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರ ಪಾಠಗಳನ್ನೂ ಸೇರಿಸಿ ಪುಸ್ತಿಕೆ ಮಾಡುತ್ತೇವೆ ಅಂದಾಗ ಬೇಡ ಅನ್ನಲು ಬಾಯಿ ತೆರೆದೆ, ಯಾಕೆ ಎಂದು ಕೇಳಿದರೆ ಏನು ಹೇಳುವುದೆಂದು ಮುಚ್ಚಿದೆ.

ಶಾಲೆ ಶುರುವಾಗಿ ಒಂದು ತಿಂಗಳಾಗಿರಬಹುದು, ಪುಸ್ತಿಕೆ ಅಂಚೆಯಲ್ಲಿ ಹೆಡ್‌ಮಾಸ್ಟರ ಹೆಸರಿಗೆ ಬಂತು. ನನಗೆ ಒಂದು ಮಾತು ಹೇಳಿದ್ದರೆ ಏನಾದರೂ ನೆಪ ಹೂಡುತ್ತಿದ್ದೆ. ಅವರು ಹೇಳಲಿಲ್ಲ, ಆಶ್ಚರ್ಯ ಆಗಲಿ ಅಂತ. ನಮ್ಮಲ್ಲಿ ಬೆಳಗಿನ ಪ್ರಾರ್ಥನೆಯಾದ ಮೇಲೆ ಒಂದು ಮಗು ದಿನಪತ್ರಿಕೆಯ ಸುದ್ದಿ ಓದುತ್ತದೆ. ಆ ದಿನ ಹೆಡ್‌ಮಾಸ್ಟರು ಪತ್ರಿಕೆಯ ಬದಲು ಪುಸ್ತಿಕೆಯನ್ನು ಒಂಬತ್ತನೇ ತರಗತಿಯ ಹುಡುಗಿಯ ಕೈಗೆ ಕೊಟ್ಟು, "ನಮ್ಮ ಸ್ಕೂಲಿಗೆ ಹೆಮ್ಮೆಯ ವಿಷಯ, ಜೋರಾಗಿ ಓದು" ಅಂದರು.

ಹೋದ ವರ್ಷ ಹೆರಿಗೆಯ ಅಜ್ಜಿಯ ಕೈ ಬರೆದುಕೊಂಡು ಬಂದಿದ್ದವಳು ಅದೇ ಹುಡುಗಿ.

ಜೋರಾಗಿಯೇ ಓದಿದಳು. ನನ್ನ ಹೆಸರು ಓದಿದಳು. ನನ್ನ ತರಗತಿಯ ಮಕ್ಕಳು ಹಿರಿಯರ ಕೈಗಳನ್ನು ಬರೆದು ತಂದರು ಎಂದು ಓದಿದಳು. ಸಾಲಿನಲ್ಲಿದ್ದ ಮಕ್ಕಳು ಮೊದಲು ನನ್ನ ಕಡೆ, ಆಮೇಲೆ ಕನ್ನಡ ಮಿಸ್ ಕಡೆ ತಿರುಗಿದರು. ತನ್ನ ಅಜ್ಜಿಯ ಸಾಲು ಬಂದಾಗ ಹುಡುಗಿ ಒಂದು ಸಲ ತಡವರಿಸಿ ಮತ್ತೆ ಓದಿದಳು. "ನನ್ನ ತಾಯಿ" ಎಂದು ಬಂದಾಗ ನಾನು ನೆಲ ನೋಡುತ್ತಿದ್ದೆ. ಮೇಡಂ ಕೈಕಟ್ಟಿಕೊಂಡು ಕೊನೆಯ ತನಕ ನೆಟ್ಟಗೆ ನಿಂತಿದ್ದರು, ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವರೂ ತಟ್ಟಿದರು.

ಸಂಜೆ ಬಸ್ಸಿನಲ್ಲಿ ಅವರ ಬ್ಯಾಗು ತೊಡೆಯ ಮೇಲಿತ್ತು. ಪಕ್ಕದಲ್ಲಿ ಸಂತೆ ಮುಗಿಸಿಕೊಂಡು ಹೊರಟ ಯಾರೋ ಹೆಂಗಸು ಕೂತಿದ್ದಳು. ನಂಜನಗೂಡಿನಲ್ಲಿ ಇಳಿದ ಮೇಲೆ ನನ್ನ ಹತ್ತಿರ ಬಂದು, "ನನ್ ನೋಟ್‌ಬುಕ್ ತಂದ್ಕೊಡಿ ಮೇಡಂ" ಅಂದರು. ಆಟೋ ಹತ್ತಿ ಹೋದರು. ಬೈದಿದ್ದರೆ ನಾನೂ ಬೈದು ಜಗಳ ಮಾಡಿ ಹಗುರಾಗುತ್ತಿದ್ದೆ.

ಮಾರನೆಯ ದಿನ ಹೆಡ್‌ಮಾಸ್ಟರ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿ, ಪ್ರಾರ್ಥನೆಯಲ್ಲಿ ಮಕ್ಕಳ ಮುಂದೆಯೂ ಹೇಳುತ್ತೇನೆ ಅಂದೆ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಮೇಡಂ, ಪಾಠಯೋಜನೆ ಎಲ್ರೂ ಇಳಿಸ್ಕೊಳ್ಳೋದೇ ಅಲ್ವೇ? ಇದೂ ಹಂಗೇ ಅಂದ್ಕೊಳ್ಳಿ. ಪ್ರಾರ್ಥನೇಲಿ ಅದೂ ಇದೂ ಹೇಳಿ ಸ್ಕೂಲಿನ ಮಾನ ಕಳೀಬೇಡಿ." ನಾನು ಹಟ ಮಾಡಬಹುದಾಗಿತ್ತು, ನನ್ನ ಗಂಟಲು ಚಿಕ್ಕದೇ? ಮಾಡಲಿಲ್ಲ. ಮಕ್ಕಳ ಮುಂದೆ ನಿಲ್ಲುವುದು ತಪ್ಪಿತೆಂದು ಒಳಗೊಳಗೇ ಸಮಾಧಾನವೇ ಆಯಿತು.

ಶಿಬಿರದವರಿಗೆ ಮಾತ್ರ ಎಲ್ಲವನ್ನೂ ಬರೆದೆ, ಆ ಪಾಠದ ನಿಜವಾದ ಮೇಡಂಗೆ ಮುಂದಿನ ವರ್ಷ ಸೀಟು ಕೊಡಿ ಎಂದು ಬೇಡಿಕೊಂಡೆ. ವಾರದೊಳಗೆ ಉತ್ತರ ಬಂತು. ಆನ್‌ಲೈನ್ ಪುಸ್ತಿಕೆಯಲ್ಲಿ ಹೆಸರು ತಿದ್ದುತ್ತೇವೆ, ವಯಸ್ಸಿನ ನಿಯಮ ಸಡಿಲಿಸಲು ಬರುವುದಿಲ್ಲ. ಭಾನುವಾರ ಆ ಉತ್ತರದ ಪ್ರಿಂಟು, ಅಲ್ಲಿಯ ತನಕ ಕೊಡಲು ಧೈರ್ಯ ಬಾರದೆ ಇಟ್ಟುಕೊಂಡಿದ್ದ ನೋಟ್‌ಬುಕ್ಕು ಹಿಡಿದುಕೊಂಡು ಕಳಲೆಗೆ ಹೋದೆ. ಏಳು ವರ್ಷದಲ್ಲಿ ಅವರ ಮನೆಗೆ ಹೋದದ್ದು ಅದೇ ಮೊದಲು.

ಬಾಗಿಲಿಗೆ ಬಂದವರು ಅವರವ್ವ. ಹೊಸ ಕನ್ನಡಕದಲ್ಲಿ ನನ್ನನ್ನು ನೋಡಿ, "ಬಾ ಕಣವ್ವ, ಒಳೀಕ್ ಬಾ. ಬಿಸ್ಲಲ್ಲಿ ಯಾಕ್ ನಿಂತ್ಕಂಡೆ?" ಅಂದರು. ಒಳಗೆ ಮಂಚದ ಮೇಲೆ ಹೊಸ ಚಾದರ ಹಾಸಿ ಕೂರಿಸಿದರು.

ಮೇಡಂ ಎದುರಿಗೆ ಕೂತು ಪ್ರಿಂಟು ಓದಿದರು. ನೋಟ್‌ಬುಕ್ಕು ಬಿಡಿಸಿದಾಗ ಮಡಿಸಿದ ಶಿಫಾರಸು ಪತ್ರ ಕೆಳಗೆ ಬಿತ್ತು. ನಾನದನ್ನು ಮರೆತೇಬಿಟ್ಟಿದ್ದೆ. ಅದನ್ನೂ ಓದಿದರು. "ಚೆನ್ನಾಗಿ ಬರ್ದಿದ್ದೀರಿ ನನ್ ಬಗ್ಗೆ" ಅಂದರು. ಆಮೇಲೆ ಪ್ರಿಂಟಿನ ಮೇಲೆ ಬೆರಳಿಟ್ಟು, "ಐವತ್ತು ತುಂಬಿರಬಾರ್ದು ಅಂತ ಐತಲ್ಲ, ಅರ್ಜಿ ಹಾಕೋವಾಗ್ಲೇ ಇದು ನಿಮ್ಗೆ ಗೊತ್ತಿತ್ತಾ?" ಎಂದು ಕೇಳಿದರು.

ಅಷ್ಟು ದೂರ ಬಂದು ಇನ್ನೊಂದು ಸುಳ್ಳು ಹೇಳಲಾಗಲಿಲ್ಲ. "ಗೊತ್ತಿತ್ತು. ಸರ್ವರ್ ಕೂಡ ಸರಿಯಾಗೇ ಇತ್ತು. ತಪ್ಪಾಯ್ತು ಮೇಡಂ" ಅಂದೆ.

ಅವರು ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಕ್ಷರಕ್ಕೇನು ಬಾಡಿಗೆನಾ ಎಂದು ಪುಸ್ತಕ ಬಿಡಿಸಿ ಹಿಡಿಯುತ್ತಿದ್ದವರು ಅವರೇ.

ಅಷ್ಟರಲ್ಲಿ ಅವ್ವ ಟೀ ತಂದರು. ಹೆಸರು ಕೆತ್ತಿಸಿದ ಹೊಳೆಯುವ ಸ್ಟೀಲ್ ಲೋಟ, ಕೆಳಗೊಂದು ತಟ್ಟೆ. ಹೇಗೋ ಕುಡಿದು ಮುಗಿಸಿ, ಲೋಟ ಹಿಡಿದುಕೊಂಡು ಹಿತ್ತಲ ನಲ್ಲಿಯ ಕಡೆ ಎದ್ದೆ. ಅವ್ವ ಅಡ್ಡ ಬಂದು ನನ್ನ ಮುಂಗೈ ಹಿಡಿದುಕೊಂಡರು. ಆ ಕೈಯನ್ನು ನಾನು ಮುಟ್ಟಿದ್ದು ಅದೇ ಮೊದಲು, ಸೊಟ್ಟ ಕಿರುಬೆರಳು ನನ್ನ ಬಳೆಗೆ ಸಿಕ್ಕಿಕೊಂಡಿತು.

"ಬ್ಯಾಡ ಕಣವ್ವ, ಮಡುಗು" ಅಂದರು. "ನಮ್ಮಟ್ಟೀಲಿ ಬಂದವ್ರು ಲೋಟ ತೊಳ್ಯಂಗಿಲ್ಲ."